ಮಡಿವಾಳೆಪ್ಪನ ಜರ್ಸಿ ಆಕಳುಗಳು

ದೇವಿಕೊಪ್ಪದ ಮಡಿವಾಳೆಪ್ಪನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಎರಡು ಪೆನ್ನು ಇರುತ್ತಿದ್ದವು. ಒಂದು ಬರೆಯುವುದಕ್ಕೆ, ಇನ್ನೊಂದು ನೋಡುವವರಿಗೆ. ಪಶು ಇಲಾಖೆಯಲ್ಲಿ ಅವನದು ಸ್ಟಾಕ್‌ಮನ್ ಹುದ್ದೆ. ಅಂದರೆ ಡಾಕ್ಟರರು ಬಂದಾಗ ಅವರ ಚೀಲ ಹಿಡಿಯುವುದು, ಬಾರದಿದ್ದಾಗ ತಾನೇ ಡಾಕ್ಟರನಾಗುವುದು. ನಮ್ಮ ಕಡೆ ಡಾಕ್ಟರರು ಬರುವುದು ಅಪರೂಪವಾದ್ದರಿಂದ ಊರಿನವರ ಬಾಯಲ್ಲಿ ಅವನು ಡಾಕ್ಟರನೇ ಆಗಿದ್ದ. ಅವನೂ ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಆಕಳಿಗೆ ಸೂಜಿ ಚುಚ್ಚುವ ಮೊದಲು ಹಣೆಯ ವಿಭೂತಿ ಅಳಿಸಿಲ್ಲ ತಾನೇ ಎಂದು ಮುಟ್ಟಿ ನೋಡಿಕೊಳ್ಳುವನು. ಚುಚ್ಚಿದ ಮೇಲೆ ಆಕಳಿನ ಒಡೆಯನಿಗೆ ಒಂದು ಇಂಗ್ಲಿಷ್ ಶಬ್ದ ಹೇಳುವನು. ಅರ್ಧ ಜಡ್ಡು ಆ ಶಬ್ದಕ್ಕೇ ಇಳಿಯುತ್ತದೆಂದು ಜನರ ನಂಬಿಕೆ.

ಇಂಥ ಮಡಿವಾಳೆಪ್ಪನಿಗೆ ಎಂಬತ್ತಮೂರನೆಯ ಇಸವಿಯಲ್ಲಿ ವರ್ಗವಾಯಿತು. ತಂಬೂರ ದಾಟಿ, ಅಡವಿಯ ಅಂಚಿಗೆ, ಸರಕಾರ ಹೊಸದಾಗಿ ತೆರೆದಿದ್ದ ಬಿಳಿ ಹಂದಿಗಳ ಸಾಕಣೆ ಕೇಂದ್ರಕ್ಕೆ.

ಆರ್ಡರು ಕೈಗೆ ಬಂದ ದಿನವೇ ಅವನು ಧಾರವಾಡದ ಬಸ್ಸು ಹತ್ತಿದ. ಸಾಹೇಬರ ಮೇಜಿನ ಮುಂದೆ ನಿಂತು, "ಸಾಹೇಬ್ರ, ನಾವು ಲಿಂಗವಂತರು. ನಮ್ಮ ಮನ್ಯಾಗ ತತ್ತಿ ಅನ್ನೂ ಶಬ್ದ ಸೈತ ಆಡಂಗಿಲ್ಲರಿ," ಅಂದ.

"ಹಂದಿ ತಿನ್ರಿ ಅಂತ ಆರ್ಡರಿನ್ಯಾಗ ಎಲ್ಲಿ ಬರದೈತ್ರಿ? ಸಾಕ್ರಿ ಅಂತ ಬರದೈತಿ."

"ಆದ್ರೂ ಸಾಹೇಬ್ರ..."

"ಹಂದಿ ಪಶು ಹೌದೋ ಅಲ್ಲೋ?"

"ಹೌದ್ರಿ."

"ನೀವು ಪಶು ಇಲಾಖೆಯವ್ರು ಹೌದೋ ಅಲ್ಲೋ?"

ಮೂರನೆಯ ಪ್ರಶ್ನೆ ಬರುವ ಮೊದಲೇ ಮಡಿವಾಳೆಪ್ಪ ಕೈಮುಗಿದು ಹೊರಬಿದ್ದ.

ಇನ್ನು ಉಳಿದದ್ದು ಮನೆಯಲ್ಲಿ ಹೇಳುವ ಕೆಲಸ. ಮನೆಯೆಂದರೆ ಅವನ ತಾಯಿ ಗೌರಕ್ಕ. ಹೆಂಡತಿ ರೇವವ್ವ ಕೂಡ ಅದೇ ಮನೆಯಲ್ಲಿದ್ದಳು, ಆದರೆ ಮನೆ ಅಂದರೆ ಗೌರಕ್ಕ. ಲಿಂಗಪೂಜೆಯಾಗದೆ ನೀರು ಕುಡಿಯದ, ಪೂಜೆಯಾದ ಮೇಲೆ ಯಾರನ್ನೂ ಸುಮ್ಮನೆ ಬಿಡದ ಮುದುಕಿ. ಅರ್ಧ ಓಣಿಯ ಮಕ್ಕಳು ಹುಟ್ಟಿದ್ದು ಅವಳ ಕೈಯಲ್ಲಿ; ಹೀಗಾಗಿ ಅರ್ಧ ಓಣಿ ಅವಳ ಮುಂದೆ ಇವತ್ತಿಗೂ ಕೂಸು.

"ಎಲ್ಲಿಗೆ ಹಾಕ್ಯಾರೋ?" ಅಂದಳು ಗೌರಕ್ಕ.

"ತಂಬೂರ ಕಡೆ ಬೇ. ಸರಕಾರದ ಫಾರ್ಮು."

"ಏನ ಸಾಕ್ಯಾರ ಅಲ್ಲಿ?"

ಮಡಿವಾಳೆಪ್ಪ ಬಾಯಿ ತೆರೆದ. ಬಿಳಿಯ ಬಣ್ಣವೇನೋ ನೆನಪಿತ್ತು, ಪ್ರಾಣಿಯ ಹೆಸರು ನಾಲಿಗೆಯಿಂದ ಇಳಿಯಲೊಲ್ಲದು. "ಜರ್ಸಿ," ಅಂದುಬಿಟ್ಟ.

ಸುಳ್ಳು ಹುಟ್ಟಿದ ದಿನ ಅಂಗೈಯಲ್ಲಿ ಹಿಡಿಯುವಷ್ಟೇ ಇರುತ್ತದೆ. ಆಮೇಲೆ ಅದಕ್ಕೆ ಮೇವು ಬೇಕು, ನೀರು ಬೇಕು, ಕಟ್ಟಲು ಜಾಗ ಬೇಕು. ಎರಡೇ ವಾರದಲ್ಲಿ ಗೌರಕ್ಕ, "ಇಷ್ಟೊಂದ ಜರ್ಸಿ ಆಕಳ ಕೈಯಾಗ ಇಟಗೊಂಡು, ಮನಿಗೆ ಒಂದ ಚರಗಿ ಹಾಲು ತರಾಕ ಆಗೂದಿಲ್ಲೇನೋ?" ಅಂದಳು. ಅಂದಿನಿಂದ ಮಡಿವಾಳೆಪ್ಪ ತನ್ನ ಓಣಿಯವನೇ ಆದ ಅಬ್ದುಲ್‌ಸಾಬನ ಎಮ್ಮೆಯ ಹಾಲನ್ನು ಊರ ಹೊರಗೆ ಗುಟ್ಟಾಗಿ ರೊಕ್ಕ ಕೊಟ್ಟು ಕೊಂಡು, ಸಂಜೆ ಬಸ್ಸಿಳಿದವನ ಹಾಗೆ ಮನೆಗೆ ತರತೊಡಗಿದ. ಗೌರಕ್ಕ ಕೆನೆ ಎತ್ತಿ ನೆರೆಯವರಿಗೆ ತೋರಿಸುವಳು: "ನೋಡ್ರೆವ್ವಾ, ಸರಕಾರದ ಆಕಳದ ಹಾಲು. ನಮ್ಮೂರ ಎಮ್ಮಿ ಹಾಲಿನಕಿಂತ ದಪ್ಪ!"

ಅಬ್ದುಲ್‌ಸಾಬನಿಗೆ ಎಲ್ಲ ಗೊತ್ತಿತ್ತು. ಕಲಘಟಗಿಯ ಗಾಣದಿಂದ ಶೇಂಗಾ ಹಿಂಡಿಯ ಚೀಲಗಳನ್ನು ಕೇಂದ್ರಕ್ಕೆ ಹೊತ್ತೊಯ್ಯುವುದು ಅವನದೇ ಚಕ್ಕಡಿ. ಚೀಲಗಳನ್ನು ಗೇಟಿನ ಹೊರಗೆ ಇಳಿಸಿ, ಮುಖ ಆಚೆ ತಿರುಗಿಸಿ ಒಂದು ಬೀಡಿ ಸೇದಿ ಬರುವನೇ ಹೊರತು ಗೇಟು ದಾಟಿದವನಲ್ಲ. ಒಳಗಿನ ಪ್ರಾಣಿಯ ಹೆಸರನ್ನು ಇಬ್ಬರೂ ಎಂದೂ ಎತ್ತಲಿಲ್ಲ.

"ಬಿಳಿಯವ್ರು ಹೆಂಗದಾರೋ ಅಣ್ಣಾ?" ಎಂದು ಬಸ್‌ಸ್ಟಾಂಡಿನಲ್ಲಿ ಅಬ್ದುಲ್‌ಸಾಬ ಕೇಳುವನು.

"ಉಂಡು ತಿಂದು ಅರಾಮ ಅದಾರ."

ಕೇಳಿದವರು ಯಾವುದೋ ಪರದೇಶದ ಅಧಿಕಾರಿಗಳು ಬಂದು ಇಳಿದಿದ್ದಾರೆಂದು ತಿಳಿದು ಮಡಿವಾಳೆಪ್ಪನಿಗೆ ಕುಳಿತುಕೊಳ್ಳಲು ಜಾಗ ಬಿಡುತ್ತಿದ್ದರು. ಅದೂ ಒಂದು ರೀತಿಯಲ್ಲಿ ನಿಜವೇ. ಆ ತಳಿ ಬಂದದ್ದು ಇಂಗ್ಲೆಂಡಿನಿಂದ.

ಮೊದಮೊದಲು ಮಡಿವಾಳೆಪ್ಪ ಮೂಗಿಗೆ ವಸ್ತ್ರ ಹಿಡಿದುಕೊಂಡು ಹಂದಿಗಳನ್ನು ಗೋಡೆಯ ಹೊರಗಿನಿಂದಲೇ ಆಳಿದ. ಆದರೆ ಹಂದಿಗಳು ಈಯುವುದು ಗೋಡೆಯ ಒಳಗೆ. ಆ ಮಳೆಗಾಲದಲ್ಲಿ ಹಾದಿ ಕೆಟ್ಟು ಹಿಂಡಿಯ ಚೀಲಗಳು ಬರಲಿಲ್ಲ. ಗಬ್ಬದ ಹಂದಿಗಳಿಗೆ ಕೊನೆಕೊನೆಗೆ ತೌಡಿನ ಗಂಜಿಯೊಂದೇ ಗತಿಯಾಯಿತು. ಅವು ಈದಾಗ ನೋಡಿದರೆ ಮರಿಗಳು ಇಲಿಗಳ ಹಾಗಿದ್ದವು. ಹುಟ್ಟಿದ್ದೇ ನಡುಗಿದವು, ತಾಯಿಯ ಮೊಲೆಯ ತನಕ ತೆವಳುವ ತ್ರಾಣವಿಲ್ಲದೆ ಹಲವು ಅರ್ಧ ಹಾದಿಯಲ್ಲೇ ತಣ್ಣಗಾದವು. ಉಳಿದುಕೊಂಡವಕ್ಕೆ ಮುಂದೆ ಗೋವಿನಜೋಳ, ಹಿಂಡಿ ಎಷ್ಟು ಸುರಿದರೂ ಬೇರೆ ಸೂಲಿನ ಮರಿಗಳ ಸಮಕ್ಕೆ ಬರಲೇ ಇಲ್ಲ. ತಾಯಿಯ ಹೊಟ್ಟೆಯಲ್ಲಿ ಸಿಗದೆ ಹೋದದ್ದನ್ನು ಹೊರಗೆ ಬಂದು ತಿಂದು ತುಂಬಿಕೊಳ್ಳಲು ಆಗುವುದಿಲ್ಲ ಎಂದು ಅವನು ಕಂಡದ್ದು ಆಗ.

ಹೆದರಿದ ಮನುಷ್ಯ ಇನ್ನೊಂದು ತುದಿಗೆ ಓಡುವುದು ಸಹಜ. ಮುಂದಿನ ಸರತಿಗೆ ಮಡಿವಾಳೆಪ್ಪ ಗಬ್ಬದ ಹಂದಿಗಳಿಗೆ ಕುಬಸ ಮಾಡಿಸಿಕೊಂಡ ಬಸುರಿ ಮಗಳಿಗೆ ಉಣಿಸುವ ಹಾಗೆ ಉಣಿಸಿದ. ಅವುಗಳಲ್ಲೊಂದು ಹಂದಿ ಗೌಡತಿಯ ಹಾಗೆ ಊದಿ, ಈದ ಮೇಲೆ ಮೇವಿಗೆ ಮುಖ ತಿರುವಿ, ತನ್ನ ಮರಿಗಳ ಮೇಲೆ ತಾನೇ ಒರಗಿತು. ಗಬ್ಬದ ತಾಯಿಗೆ ಉಪವಾಸವೂ ಬೇಡ, ದಿನಾ ಹಬ್ಬವೂ ಬೇಡ, ಹೊಟ್ಟೆ ತಣ್ಣಗಿರುವಷ್ಟು ಬೇಕು. ಇಷ್ಟು ಕಲಿಯುವ ಹೊತ್ತಿಗೆ ಮೂಗಿನ ವಸ್ತ್ರ ಎಲ್ಲಿಯೋ ಕಳೆದುಹೋಗಿತ್ತು. ಅವನೀಗ ಕೊರಳ ಲಿಂಗದ ಕರಡಿಗೆಯನ್ನು ಬೆನ್ನ ಮೇಲೆ ಸರಿಸಿಕೊಂಡು, ಶಿವನಿಗೆ ಕಾಣದ ಹಾಗೆ ಒಳಗೆ ಇಳಿಯುತ್ತಿದ್ದ. ಸಂಜೆ ಬಾವಿಯ ಹತ್ತಿರ ಕೆಂಪು ಸಾಬಾಣ ಹಚ್ಚಿ ಉಜ್ಜಿಕೊಂಡು, ಬೇರೆ ಅಂಗಿ ತೊಟ್ಟು, ಎರಡೂ ಪೆನ್ನು ಸಿಕ್ಕಿಸಿಕೊಂಡು ಬಸ್ಸು ಹತ್ತುವನು.

ಅವನ ಸಂಕಟ ಬೇರೆಯೇ ಇತ್ತು. ಒಂದು ಇಂಗ್ಲಿಷ್ ಶಬ್ದ ಕಲಿತರೆ ಮೂರು ಊರಿಗೆ ಹಂಚುವ ಮನುಷ್ಯ. ಈಗ ತಲೆಯ ತುಂಬ ತಿಳಿವಳಿಕೆ ಇದೆ, ಹೇಳಲು ಒಂದು ಕಿವಿಯಿಲ್ಲ.

ಎಂಬತ್ತನಾಲ್ಕರಲ್ಲಿ ಅವನ ಒಬ್ಬಳೇ ಮಗಳು ಅನ್ನವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಅಣ್ಣಿಗೇರಿಯ ಗಂಡನ ಮನೆಯಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಟ್ಟು ಕಳಿಸಿದ್ದರು. ಬಂದ ಮರುದಿನವೇ ಗೌರಕ್ಕ ಅವಳ ಗಂಗಾಳವನ್ನು ತನ್ನ ವಶಕ್ಕೆ ತೆಗೆದುಕೊಂಡಳು.

"ನೋಡವ್ವಾ, ಹೊಟ್ಟಿ ಅನ್ನೂದು ಒಂದ ಖೋಲಿ ಮನಿ. ಅದರಾಗ ಕೂಸೂ ಇರಬೇಕು, ರೊಟ್ಟಿನೂ ಇರಬೇಕು ಅಂದ್ರ ಹೆಂಗ? ಹೆಚ್ಚು ಉಂಡ್ರ ಕೂಸು ಬಲೀತೈತಿ. ಬಲತ ಕೂಸು ಹಾದ್ಯಾಗ ಸಿಗಬೀಳತೈತಿ."

ಮುಂಜಾನೆ ಅರ್ಧ ರೊಟ್ಟಿ, ಸಪ್ಪನ್ನ ಬೇಳೆ. ಸಂಜೆ ನೀರು ಅಂಬಲಿ. ಶೇಂಗಾ ಪಿತ್ತ, ಬಾಳೆಹಣ್ಣು ಥಂಡಿ, ಹಾಲು ಕೂಸಿನ ಮೈಗೆ ಜಿಡ್ಡು. ಸರಕಾರದ ಜರ್ಸಿ ಹಾಲು ಮನೆಯಲ್ಲಿ ಎಲ್ಲರಿಗೂ ಸಿಗುತ್ತಿತ್ತು, ಬಸುರಿಯೊಬ್ಬಳಿಗೆ ಬಿಟ್ಟು. ಇದರ ಹಿಂದೆ ಜಿಪುಣತನವಿದ್ದರೆ ಜಗಳ ಆಡಬಹುದಿತ್ತು. ಇದ್ದದ್ದು ಭಯ. ಗೌರಕ್ಕನ ತಂಗಿ ಸಣ್ಣವ್ವ ಚೊಚ್ಚಲ ಹೆರಿಗೆಯಲ್ಲೇ ಸತ್ತಿದ್ದಳು. "ಕೂಸು ದೊಡ್ಡದಿತ್ತು. ಬರಲೇ ಇಲ್ಲ," ಎಂದು ಗೌರಕ್ಕ ಅಷ್ಟೇ ಹೇಳುವಳು, ಸೆರಗಿನಿಂದ ಬಾಯಿ ಒರೆಸಿಕೊಳ್ಳುವಳು. ಆ ಮಾತಿನ ಮುಂದೆ ಮನೆಯಲ್ಲಿ ಯಾರ ಮಾತೂ ನಿಲ್ಲುತ್ತಿರಲಿಲ್ಲ.

ಅನ್ನವ್ವನ ಮುಂಗೈ ಸಣ್ಣಗಾಯಿತು. ಹಸಿರು ಬಳೆಗಳು ಮೊಳಕೈ ತನಕ ಜಾರತೊಡಗಿದವು. ಒಂದು ದಿನ ದನದ ಕೊಟ್ಟಿಗೆಯ ಬಾಗಿಲಲ್ಲಿ ಅಪ್ಪನ ಹತ್ತಿರ ಕೂತು, "ಅಪ್ಪಾ, ನಿನ್ನ ಗಬ್ಬದ ಆಕಳಕ್ಕ ತಿನ್ನಾಕ ಏನೇನ ಹಾಕ್ತಿ?" ಎಂದು ಕೇಳಿದಳು.

"ಗೋವಿನಜೋಳದ ನುಚ್ಚು ಹಾಕತೀನವ್ವಾ."

"ಮತ್ತ?"

"ಶೇಂಗಾ ಹಿಂಡಿ. ಗೋದಿ ತೌಡು."

"ಮತ್ತ?"

"ಒಂದೊಂದ ಸಲ ಬೆಲ್ಲ. ಹಸರು ಕುದುರಿಮಸಾಲಿ ಸೊಪ್ಪು."

ಮದುವೆಯ ಊಟದ ವರದಿ ಕೇಳುವವಳ ಹಾಗೆ ಕೇಳಿದ ಹುಡುಗಿ ಕೊನೆಗೆ ನಕ್ಕು, "ನಾನೂ ನಿನ್ನ ಫಾರ್ಮಿಗೆ ಬಂದ ಬಿಡ್ಲೇನಪಾ?" ಅಂದಳು.

ಅವನಿಗೆ ನಗಲು ಆಗಲಿಲ್ಲ. ಅರ್ಧ ಹಾದಿಯಲ್ಲಿ ತಣ್ಣಗಾದ ಮರಿಗಳು ಕಣ್ಣ ಮುಂದೆ ಬಂದವು. ಎದ್ದು ನೇರ ಪಡಸಾಲೆಗೆ ಹೋದ.

"ಯವ್ವಾ, ಹುಡಿಗಿಗೆ ಹೊಟ್ಟಿ ತುಂಬ ಹಾಕಬೇ. ತಾಯಿ ಉಪಾಸ ಇದ್ರ ಹುಟ್ಟೂದಕ್ಕ ಕಸುವಿರೂದಿಲ್ಲ."

"ಯಾರ ಹೇಳಿದ್ರು?"

"ನಾ ಕಣ್ಣಾರೆ ನೋಡೀನಿ."

"ಎಲ್ಲಿ ನೋಡೀ?"

ಮಡಿವಾಳೆಪ್ಪ ಕಿಸೆಯ ಪೆನ್ನು ಮುಟ್ಟಿಕೊಂಡ. "ಫಾರ್ಮಿನ್ಯಾಗ. ಜರ್ಸಿ ಆಕಳದಾಗ."

ಗೌರಕ್ಕ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. "ಜರ್ಸಿ ಸುದ್ದಿ ನನ್ನ ಮುಂದ ಹೇಳಬ್ಯಾಡ. ಹಿಂದಿಕ ನಮ್ಮ ಕೆಂದಾಕಳಕ್ಕ ಗಬ್ಬ ಕಟ್ಟಲಿ ಅಂತ ಜರ್ಸಿ ಸೂಜಿ ಯಾರು ಹಾಕಿದ್ರು?"

"ನಾನ."

"ಕರ ಹೆಂಗಾತು?"

"ದೊಡ್ಡದಾತು."

"ಬಂತೇನು?"

ಬಂದಿರಲಿಲ್ಲ. ಕರು ಸಿಕ್ಕಿಬಿದ್ದು ಆಕಳೂ ಹೋಗಿತ್ತು. ಹಗ್ಗ ಹಿಡಿದು ಎಳೆದವನು ಮಡಿವಾಳೆಪ್ಪನೇ. ಸಾಕಿ ಬೆಳೆಸಿದ ಸುಳ್ಳು ಈಗ ತಿರುಗಿ ಬಂದು ಅವನನ್ನೇ ಹಾಯಿತು. ಆಕಳೆಂದರೆ ತಾಯಿ ಗೆಲ್ಲುತ್ತಾಳೆ. ಅವನು ಗೆಲ್ಲಬೇಕಾದರೆ ಹಂದಿ ಅನ್ನಬೇಕು. ಹಂದಿ ಅಂದರೆ, ಹಂದಿ ಮುಟ್ಟಿದ ಕೈಯಿಂದ ಇಷ್ಟು ದಿನ ಮನೆಯ ದೇವರ ಮನೆ ಹೊಕ್ಕವನ ಮಾತನ್ನು ಯಾರು ಕೇಳುತ್ತಾರೆ?

ಹೆಂಡತಿಯ ಕಡೆ ನೋಡಿದ. ರೇವವ್ವ ಒಲೆಯ ಮುಂದಿಂದ, "ನನ್ನ ಯಾಕ ನೋಡ್ತೀರಿ? ಅತ್ತಿ ಅಂದ್ರ ಅತ್ತಿ, ಮಗಳಂದ್ರ ಮಗಳು. ನಾ ಬೀಸುಕಲ್ಲಿನ ನಡಬರಕ ಸಿಕ್ಕ ಕಾಳು," ಎಂದು ಗೊಣಗಿದಳು.

ಆಮೇಲೆ ಮಡಿವಾಳೆಪ್ಪ ಔಷಧದ ಚೀಲದಲ್ಲಿ ಕುದಿಸಿದ ಶೇಂಗಾ ಮುಚ್ಚಿಟ್ಟು ತರತೊಡಗಿದ. ಅನ್ನವ್ವ ಹಿತ್ತಲಲ್ಲಿ ಕೂತು ತಿಂದಳು. ನಾಲ್ಕು ದಿನವೂ ಸಾಗಲಿಲ್ಲ. ತಿಪ್ಪೆಯಲ್ಲಿ ಗೌರಕ್ಕನಿಗೆ ಸಿಪ್ಪೆ ಕಂಡವು. ಅವಳು ಒದರಾಡಲಿಲ್ಲ. ಹಾಸಿಗೆಯನ್ನು ಮೊಮ್ಮಗಳ ಬಾಜೂಕ್ಕೆ ಹಾಕಿಕೊಂಡಳು, ಅವಳು ಹಿತ್ತಲಿಗೆ ಹೋದರೂ ಬೆನ್ನಿಗೇ ಹೋದಳು. ಅನ್ನವ್ವನ ಜಗತ್ತು ಪಡಸಾಲೆಯ ಎರಡು ಕಂಬಗಳ ನಡುವೆ ಬಂದು ನಿಂತಿತು. ಅಪ್ಪ ಮುಂಜಾನೆ ಬಸ್ಸಿಗೆ ಹೊರಡುವಾಗ ಅವಳು ಅವನ ಮುಖ ನೋಡುವಳು, ಅವನು ಚಪ್ಪಲಿ ನೋಡಿಕೊಳ್ಳುವನು.

ದಿನ ಹತ್ತಿರ ಬಂದ ಹಾಗೆ ಗೌರಕ್ಕನಿಗೆ ಒಂದು ಹರಕೆ ನೆನಪಾಯಿತು: ಬಸುರಿಯ ಹೆಸರಿನಲ್ಲಿ ಗಬ್ಬದ ಆಕಳಿಗೆ ಅರಿಸಿನ ಕುಂಕುಮ ಹಚ್ಚಿ, ಗೋದಿ ಹುಗ್ಗಿ ತಿನ್ನಿಸಬೇಕು.

"ಬಾಜೂ ಮನಿ ಆಕಳ ಗಬ್ಬ ಐತಲ್ಲಬೇ, ಅದಕ್ಕ ತಿನಸು," ಅಂದ ಮಡಿವಾಳೆಪ್ಪ.

"ನನ್ನ ಮಗನ ಕೈಯಾಗ ಸರಕಾರದ ಆಕಳ ಇರಾಕ, ಮಂದಿ ಆಕಳ ಯಾಕೋ? ಸೋಮವಾರ ನಿನ್ನ ಫಾರ್ಮಿಗೇ ಬರ್ತೀನಿ."

"ಅಲ್ಲಿ ಕಾಲುಬಾಯಿ ಬ್ಯಾನಿ ಬಂದೈತಿ. ಯಾರನ್ನೂ ಒಳಗ ಬಿಡೂದಿಲ್ಲ."

"ಬ್ಯಾನಿ ಬಂದಾಗ ಪೂಜಿ ಮಾಡದ ಮತ್ತ ಯಾವಾಗ ಮಾಡ್ತಾರೋ ಹುಚ್ಚಾ?"

ಸೋಮವಾರ ಮಡಿವಾಳೆಪ್ಪ, ತಾಯಿ ಇನ್ನೂ ಪೂಜೆಯಲ್ಲಿರುವಾಗಲೇ ಮೊದಲ ಬಸ್ಸಿಗೆ ತಪ್ಪಿಸಿಕೊಂಡ. ಗೌರಕ್ಕ ಹಿತ್ತಾಳೆಯ ಬೋಗೋಣಿಯಲ್ಲಿ ಹುಗ್ಗಿ ತುಂಬಿ, ಮೇಲೆ ತುಪ್ಪ ಬಿಟ್ಟು, ಬಿಳಿ ಅರಿವೆ ಕಟ್ಟಿಕೊಂಡು ಅಬ್ದುಲ್‌ಸಾಬನ ಅಂಗಳದಲ್ಲಿ ನಿಂತಳು.

"ಅಬ್ದುಲಾ, ಚಕ್ಕಡಿ ಹೂಡು."

"ಎತ್ತಿನ ಕಾಲಿಗೆ ನೋವಾಗೇತಿ ಯವ್ವಾ."

"ನಿನ್ನಿ ಸಂತಿಗೆ ಹೋಗಿ ಬಂದ ಎತ್ತು?"

"ಸಂತ್ಯಾಗ ನೋವಾತು."

"ಹೂಡಲೇ!"

ಹಾದಿಯುದ್ದಕ್ಕೂ ಅಬ್ದುಲ್‌ಸಾಬ ತನ್ನ ಕೈಲಾದದ್ದನ್ನು ಮಾಡಿದ. ಎತ್ತುಗಳನ್ನು ನಿಧಾನ ನಡೆಸಿದ. ಕಂಡ ಕಂಡ ಆಕಳನ್ನೆಲ್ಲ ತೋರಿಸಿದ. "ಯವ್ವಾ, ಅಲ್ಲಿ ನೋಡು, ಅಗದಿ ಲಕ್ಷಣದ ಆಕಳ! ಗಬ್ಬಾನೂ ಐತಿ. ಅದಕ್ಕ ತಿನಿಸಿ ಹೊಳ್ಳೂಣು?"

"ಅದು ಜರ್ಸಿ ಅಲ್ಲ."

ಗೇಟು ಬಂತು. ಅಬ್ದುಲ್‌ಸಾಬ ಹಗ್ಗ ಜಗ್ಗಿ, ಎತ್ತಿನ ಕೋಡು ನೋಡುತ್ತ, "ನಾ ಒಳಗ ಬರೂದಿಲ್ಲ ಯವ್ವಾ. ನೀನೂ ಹೋಗಬ್ಯಾಡ," ಅಂದ.

"ಯಾಕ?"

"ನಮ್ಮ ಮಂದಿ ಹೋಗೂ ಜಾಗಾ ಅಲ್ಲದು. ನಿಮ್ಮ ಮಂದಿ ಹೋಗೂ ಜಾಗಾನೂ ಅಲ್ಲ."

ಅಷ್ಟರಲ್ಲಿ ಒಳಗಿನಿಂದ ಒಂದು ನರಳಾಟ ಕೇಳಿಸಿತು. ಗೌರಕ್ಕನಿಗೆ ಆಕಳಿನ ದನಿ ಗೊತ್ತು, ಎಮ್ಮೆಯದೂ ಗೊತ್ತು. ಇದು ಎರಡೂ ಅಲ್ಲ. ಅವಳು ಬೋಗೋಣಿಯನ್ನು ಎದೆಗವಚಿಕೊಂಡು ಇಳಿದು ಒಳಗೆ ನಡೆದಳು.

ಆ ದಿನ ತಂಬೂರಿನ ಲಕ್ಷ್ಮಣಪ್ಪನೆಂಬವನು ತನ್ನ ಹಂದಿಯನ್ನು ಕೈಗಾಡಿಯಲ್ಲಿ ಹಾಕಿಕೊಂಡು ಬಂದಿದ್ದ. ಅವನ ಮನೆತನದವರು ಹಿಂದಿನಿಂದಲೂ ಕರಿ ಹಂದಿ ಸಾಕಿದವರು. ಸರಕಾರದ ಯೋಜನೆಯಲ್ಲಿ ಅವನಿಗೊಂದು ಬಿಳಿ ಹಂದಿ ಸಿಕ್ಕಿತ್ತು, ಕಟ್ಟಿಹಾಕಿಯೇ ಸಾಕಬೇಕೆಂಬ ಅಪ್ಪಣೆಯೊಂದಿಗೆ. ಅದಕ್ಕೀಗ ಚೊಚ್ಚಲ ಸೂಲು. ಬೆಳಗಿನಿಂದ ನರಳಿ ನರಳಿ ಹುಲ್ಲಿನ ಮೇಲೆ ಬಿದ್ದುಕೊಂಡಿತ್ತು. ಮಡಿವಾಳೆಪ್ಪ ಅಂಗಿ ಕಳಚಿ, ಕರಡಿಗೆಯನ್ನು ಬೆನ್ನಿಗೆ ಸರಿಸಿ, ಮೊಳಕೈ ತನಕ ಎಣ್ಣೆ ಹಚ್ಚಿಕೊಂಡು ಅದರ ಹಿಂದೆ ಮಂಡಿಯೂರಿದ್ದ. ಮೊದಲು ಅವನಿಗೆ ಕಂಡದ್ದು ಹಿತ್ತಾಳೆಯ ಬೋಗೋಣಿ. ಆಮೇಲೆ ಅದನ್ನು ಹಿಡಿದ ಕೈ.

"ಯವ್ವಾ..." ಅಂದ.

"ಇದು ಜರ್ಸಿ ಏನೋ?"

ಬಂದವಳು ಯಾರೆಂದು ತಿಳಿಯದ ಲಕ್ಷ್ಮಣಪ್ಪನೇ, ಪಾಪ, ಮುದುಕಿಗೆ ಕಣ್ಣು ಮಂಜಿರಬೇಕೆಂದು ಸಹಾಯಕ್ಕೆ ಬಂದ. "ಅಲ್ಲಬೇ ಯವ್ವಾ, ಇದು ಹಂದಿ."

ಗೌರಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು ತಿರುಗಿದಳು. ಎರಡು ಹೆಜ್ಜೆ ಇಟ್ಟಿರಬಹುದು. ಹಂದಿ ಮತ್ತೆ ನರಳಿತು. ಊರಿನ ಅಷ್ಟು ಹೆರಿಗೆ ಮಾಡಿಸಿದವಳು ಆ ದನಿಗೆ ಬೆನ್ನು ಹಾಕಿ ಗೊತ್ತಿಲ್ಲ. ಅಲ್ಲೇ ನಿಂತು, ಮುಖ ತಿರುಗಿಸದೆ, "ಯಾವಾಗಿಂದ?" ಎಂದಳು.

"ನಸಿಕಿನಿಂದರಿ," ಅಂದ ಲಕ್ಷ್ಮಣಪ್ಪ.

"ಮರಿ ದೊಡ್ಡದಾಗಿ ಸಿಗಬಿದ್ದೈತೇನು?"

"ಇಲ್ಲಬೇ," ಎಂದ ಮಡಿವಾಳೆಪ್ಪ. "ಕೈಗೆ ಹತ್ತೈತಿ, ಇಲಿಯಷ್ಟ ಐತಿ. ಹಾದಿ ಬೇಕಾದಷ್ಟ ಐತಿ. ತಾಯಿಗೇ ತಿಣಕಾಕ ಕಸುವಿಲ್ಲ."

"ಯಾಕಿಲ್ಲ?"

ಲಕ್ಷ್ಮಣಪ್ಪನ ಒಳಗೆ ಕುದಿಯುತ್ತಿದ್ದದ್ದು ಹೊರಬಂತು. "ಎಲ್ಲಿಂದ ಬರಬೇಕ್ರಿ? ನಮ್ಮ ಕರೇವು ಊರ ತಿರಗಿ ತಾವ ಹುಡಕ್ಕೊಂಡು ತಿಂದು ಬರ್ತಾವ. ಇದನ್ನ ಕಟ್ಟು ಅಂದ್ರು, ಕಟ್ಟಿದ್ನಿ. ಕಟ್ಟಿದ ಮ್ಯಾಲ ಹಾಕಿದಷ್ಟ ತಿನಬೇಕಲ್ರಿ ಅದು? ನಾ ಹಾಕಿದ್ದು ಬರೇ ಗಂಜಿ. ಹೊಟ್ಟ್ಯಾಗಿನವು ತಾಯಿನ್ನ ತಿಂದು ಬೆಳದಾವ."

ಗೌರಕ್ಕ ತಿರುಗಿದಳು. ಹಂದಿಯ ಪಕ್ಕೆಲುಬುಗಳ ಮೇಲೆ ಅವಳ ಕಣ್ಣು ನಿಂತಿತು. ಅದರ ಹೊಟ್ಟೆ ಒಮ್ಮೆ ಬಿಗಿದು, ತುದಿ ಮುಟ್ಟುವ ಮೊದಲೇ ಸಡಿಲಾಯಿತು.

"ಸಣ್ಣವ್ವನೂ ಹಿಂಗ..." ಎಂದಳು. "ಕಡೀಕ ಒದರೂದು ಬಿಟ್ಟ ಸುಮ್ಮನಾದ್ಲು."

"ಆಕಿ ಕೂಸು ದೊಡ್ಡದಿತ್ತಲ್ಲಬೇ?"

ಗೌರಕ್ಕ ಬೋಗೋಣಿಯನ್ನು ಇನ್ನಷ್ಟು ಎದೆಗವಚಿಕೊಂಡಳು. "ನಾ ಕೂಸಿನ ಮಾರಿ ನೋಡಲಿಲ್ಲ. ನೋಡಾಕ ಬಿಡಲಿಲ್ಲ. ದೊಡ್ಡದಿತ್ತು ಅಂತ ನಮ್ಮವ್ವ ಹೇಳಿದ್ಲು."

"ಬಸರಿದ್ದಾಗ ಸಣ್ಣವ್ವಗ ಏನ ಹಾಕತಿದ್ರಿ?"

ಗೌರಕ್ಕ ಬಗ್ಗಿ ಬೋಗೋಣಿಯನ್ನು ನೆಲಕ್ಕಿಟ್ಟಳು, ಕಟ್ಟಿದ ಬಿಳಿ ಅರಿವೆಯನ್ನು ಬಿಚ್ಚಿದಳು. "ಬಿಸಿ ನೀರ ಹಾಕಿ ತೆಳ್ಳಗ ಮಾಡು. ಬೆಲ್ಲ ಐತಿ ಅದರಾಗ. ಒಮ್ಮೆಲೆ ಹಾಕಬ್ಯಾಡ, ಸ್ವಲ್ಪ ಸ್ವಲ್ಪ ನೆಕ್ಕಸು," ಎಂದಳು. ಯಾರಿಗೆ ಹೇಳಿದಳೋ ಗೊತ್ತಾಗಲಿಲ್ಲ, ಇಬ್ಬರೂ ಎದ್ದರು.

ಗೋಮಾತೆಗೆಂದು ತುಪ್ಪ ಹಾಕಿ ಕುದಿಸಿದ ಹುಗ್ಗಿಯನ್ನು ಹಂದಿ ಲಕ್ಷ್ಮಣಪ್ಪನ ಅಂಗೈಯಿಂದ ನೆಕ್ಕಿತು. ಬೆಲ್ಲವೇ ಅದನ್ನು ಉಳಿಸಿತೆಂದು ನಾನು ಹೇಳುವುದಿಲ್ಲ. ಮಡಿವಾಳೆಪ್ಪನ ಕೈಯೂ ಇತ್ತು, ಸೂಜಿಯೂ ಇತ್ತು. ಮಧ್ಯಾಹ್ನದ ಹೊತ್ತಿಗೆ ಮರಿಗಳು ಒಂದರ ಹಿಂದೊಂದು ಬಂದವು. ಕೆಲವು ಸತ್ತೇ ಬಂದವು, ಕೆಲವು ನಡುಗುತ್ತ ಬಂದವು. ತಾಯಿ ಉಳಿಯಿತು. ಗೌರಕ್ಕ ಬೇವಿನ ಗಿಡದ ನೆರಳಿನಲ್ಲಿ, ಮೂಗಿಗೆ ಸೆರಗು ಹಿಡಿದುಕೊಂಡೇ, ಅಷ್ಟು ಹೊತ್ತೂ ನಿಂತಿದ್ದಳು.

ಹೊರಡುವಾಗ ಲಕ್ಷ್ಮಣಪ್ಪ ಬೋಗೋಣಿ ತೊಳೆದು ತಂದ. "ಇರಲಿ. ಅದರ ಹತ್ರನ ಇರಲಿ," ಅಂದಳು. ಚಕ್ಕಡಿ ಹತ್ತಿ ಕುಳಿತಳು. ಮಗ ಹತ್ತಲು ಬಂದಾಗ, "ನೀ ಹಿಂದ ನಡಕೋತ ಬಾ," ಎಂದಳು. ಮಡಿವಾಳೆಪ್ಪ ಎರಡು ಪೆನ್ನು ಸಿಕ್ಕಿಸಿಕೊಂಡು, ಚಕ್ಕಡಿಯ ಧೂಳು ಕುಡಿಯುತ್ತ ದೇವಿಕೊಪ್ಪದ ತನಕ ನಡೆದ. ಅಬ್ದುಲ್‌ಸಾಬ ನಡುನಡುವೆ ಹೊರಳಿ ನೋಡಿ ಎತ್ತುಗಳನ್ನು ತಡೆಯುತ್ತಿದ್ದ. ಅಷ್ಟೇ ಅವನಿಂದಾದದ್ದು.

ಮನೆಗೆ ಬಂದ ಗೌರಕ್ಕ ತಾನೂ ತಲೆಗೆ ನೀರು ಹಾಕಿಕೊಂಡಳು, ಮಗನಿಗೂ ಹಿತ್ತಲಲ್ಲಿ ಕೊಡ ಕೊಡ ಸುರಿಸಿದಳು. ಆಮೇಲೆ ಅವನ ಗಂಗಾಳವನ್ನು ಒಳಗಿನಿಂದ ತಂದು ಹೊರಗಿನ ಕಟ್ಟೆಯ ಮೇಲಿಟ್ಟಳು. "ಇನ್ನ ಮ್ಯಾಲ ಇಲ್ಲೇ ಉಣ್ಣು. ಹೊಚ್ಚಲ ದಾಟಬ್ಯಾಡ."

"ಆಕಳ ಹುಗ್ಗಿ ತಿಂತೇನ್ರಿ ಅತ್ತಿ?" ಎಂದು ರೇವವ್ವ ಕೇಳಿದಳು.

"ತಿಂತು."

ಕತ್ತಲಾಗುವ ಮುನ್ನ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಕಟ್ಟೆಯ ಮೇಲೆ ಕೂತ ಮಡಿವಾಳೆಪ್ಪ ಕಿವಿಯೊಡ್ಡಿದ. ದಿನದ ರೊಟ್ಟಿಗಳು ಮುಗಿದ ಮೇಲೂ ಸಪ್ಪಳ ನಿಲ್ಲಲಿಲ್ಲ. "ಆಯಿ, ಸಾಕಬೇ," ಎಂದಳು ಅನ್ನವ್ವ. "ಸಾಕಂದ್ರ ಯಾಕ ಸಾಕು? ಉಣ್ಣು. ಬೆಣ್ಣಿ ಹಚ್ಚೀನಿ," ಎಂಬ ಗೌರಕ್ಕನ ದನಿ ಬಂತು. ಬಳಿಕ ಕುಟ್ಟಿದ ಶೇಂಗಾದ ವಾಸನೆ ಬಂತು. ಅವನು ತನ್ನ ಗಂಗಾಳದ ರೊಟ್ಟಿ ಮುರಿಯುವುದನ್ನೇ ಮರೆತು ಕೂತಿದ್ದ.

ಮರುದಿನ ಮುಂಜಾನೆ ಬಸ್ಸಿಗೆ ಹೊರಟವನನ್ನು ಗೌರಕ್ಕ ಬಾಗಿಲಲ್ಲಿ ನಿಲ್ಲಿಸಿದಳು. ಮೆಲ್ಲಗೆ, ಓಣಿಗೆ ಕೇಳದ ಹಾಗೆ, "ಜರ್ಸಿ ಹಾಲು ಇನ್ನೊಂದ ಚರಗಿ ಹೆಚ್ಚಿಗಿ ತಾ. ಅಬ್ದುಲಗ ಹೇಳು, ನೀರ ಬೆರಸಬ್ಯಾಡ ಅಂತ," ಎಂದಳು. ಅಂದಿನಿಂದ ಆ ಸುಳ್ಳನ್ನು ಸಾಕುವವರು ಮನೆಯಲ್ಲಿ ಇಬ್ಬರಾದರು. ಓಣಿಗೆ ನಿಜ ಹೇಳಿದರೆ ದೇವರ ಮನೆ ಕೆಡುತ್ತದೆ, ಅವಳ ಮಾತಿನ ತೂಕ ಹೋಗುತ್ತದೆ. ಮಗ ಹಂದಿಗಳ ನಡುವೆ ಸಿಕ್ಕಿಬಿದ್ದ ಹಾಗೆ ಅವಳು ಮಗನ ಆಕಳುಗಳ ನಡುವೆ ಸಿಕ್ಕಿಬಿದ್ದಳು.

ಅನ್ನವ್ವನಿಗೆ ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ್ದೇ ಹಾಕಿದ ಕೂಗಿಗೆ ಕಟ್ಟೆಯ ಮೇಲಿದ್ದ ಮಡಿವಾಳೆಪ್ಪ ಎದ್ದು ನಿಂತ. ಹೊಸ್ತಿಲ ತನಕ ಹೋಗಿ, ಹೊಸ್ತಿಲು ನೋಡಿ, ತಿರುಗಿ ಬಂದು ಕೂತ. "ಹೆರಿಗಿ ಆಗಲಿ, ಆಮ್ಯಾಲ ಒಳಗ ಬಾ," ಎಂದಿದ್ದ ತಾಯಿ, ಹೆರಿಗೆಯಾದ ಮೇಲೆ "ಬಾಣಂತನ ಮುಗೀಲಿ" ಎಂದಳು. ಕೇಂದ್ರದಿಂದ ವರ್ಗವಾದರೆ ದಾರಿ ತಾನೇ ತೆರೆಯುತ್ತದೆಂದು ಅವನು ಮತ್ತೆ ಧಾರವಾಡಕ್ಕೆ ಹೋದ. ಸಾಹೇಬರು ಈ ಸಲ ಎದ್ದು ನಿಂತು ಕೈ ಕುಲುಕಿದರು. "ನಿಮ್ಮ ಕೇಂದ್ರದ ಮರಿಗಳಷ್ಟು ಗಟ್ಟಿ ಮರಿ ಜಿಲ್ಲಾದಾಗ ಎಲ್ಲೂ ಇಲ್ಲ ನೋಡ್ರಿ. ನಿಮ್ಮನ್ನ ಅಲ್ಲಿಂದ ತಗದ್ರ ಇಲಾಖೆ ಮುಳಗತೈತಿ. ಪೆನ್ಶನ್ ತನಕಾ ಅಲ್ಲೇ ಇರ್ರಿ!" ತಾನು ಹೋದರೆ ಇಲಾಖೆ ಮುಳುಗುತ್ತದೆಂದು ಮಡಿವಾಳೆಪ್ಪ ಇಷ್ಟು ವರ್ಷ ತಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದ ಮಾತದು. ಬೇರೆಯವರು ನಂಬಿದ್ದು ಅದೇ ಮೊದಲು.

ಕೂಸಿಗೆ ಹೆಸರಿಡುವ ದಿನ ಪಡಸಾಲೆ ತುಂಬ ಹೆಂಗಸರು. ತೊಟ್ಟಿಲು ತೂಗುತ್ತ ಒಬ್ಬಳು, "ಎಷ್ಟ ಗಟ್ಟಿಮುಟ್ಟಿ ಐತ್ರೆವ್ವಾ ಕೂಸು! ಬಸರಿದ್ದಾಗ ಏನ ತಿನಿಸಿದ್ರಿ ಗೌರಕ್ಕಾ?" ಎಂದಳು.

ಗೌರಕ್ಕ ಬಾಗಿಲಾಚೆ ಕಟ್ಟೆಯ ಕಡೆ ನೋಡಿದಳು. ಅಲ್ಲಿ ಅವಳ ಮಗ ಇಸ್ತ್ರಿ ಅಂಗಿ ಹಾಕಿಕೊಂಡು, ಮೊಮ್ಮಗಳ ಮುಖ ಎಲ್ಲಾದರೂ ಕಂಡೀತೇ ಎಂದು ಕತ್ತು ಉದ್ದ ಮಾಡಿ ಕೂತಿದ್ದ.

"ಜರ್ಸಿ ಹಾಲು," ಅಂದಳು ಗೌರಕ್ಕ. ಆಮೇಲೆ, "ಬಾಗಿಲ ಮುಚ್ಚರೆವ್ವಾ, ಕೂಸಿಗೆ ಹೊರಗಿನ ಗಾಳಿ ಬಡೀತೈತಿ," ಎಂದಳು.